ತೊಮ್ಮಾಸೊನ ಎರಡು ಬೆರಳು

ಶಿಡ್ಲಘಟ್ಟ
೨೪ ಸೆಪ್ಟೆಂಬರ್ ೨೦೨೫, ಬುಧವಾರ

ಮಗಳು ತನುಜಳಿಗೆ ಅಪ್ಪ ಚೆನ್ನರಾಯಪ್ಪನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಹದಿನೈದು ದಿನಕ್ಕೊಂದು ಬರೆಯುತ್ತಿದ್ದೆನಲ್ಲ, ನಿನ್ನ ಕೈಗೆ ಫೋನ್ ಬಂದ ಮೇಲೆ ಅದು ನಿಂತೇ ಹೋಯಿತು. ಗೌರಿಬಿದನೂರು ಏನು ದೂರ, ಫೋನ್ ಮಾಡಿದ್ದರೆ ಆಗುತ್ತಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನನ್ನ ಮಾತು ‘ಊಟ ಆಯ್ತೇನಮ್ಮ’ ಎಂಬಲ್ಲಿಗೆ ಮುಗಿದುಹೋಗುತ್ತದೆ, ನಿನಗೇ ಗೊತ್ತು. ಈ ಕಾಗದ ತಡವಾಗಿದೆ. ಎಷ್ಟು ತಡವೆಂದು ಓದಿ ಮುಗಿಸಿದ ಮೇಲೆ ನೀನೇ ಹೇಳು.

ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಅಂಬರೀಶ ಬೆಳಿಗ್ಗೆ ನನ್ನ ಜೊತೆ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುತ್ತಾನೆ. ಅಣ್ಣನೆಂದು ಹೊಗಳಿದೆ ಅಂದುಕೊಳ್ಳಬೇಡ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹುಳ ಒಣಗಿದೆಯೋ ಇಲ್ಲವೋ ಹೇಳುವಷ್ಟು ಕಲಿತಿದ್ದಾನೆ. ಗಂಗುಲಮ್ಮ ಈಗಲೂ ನಮ್ಮ ಶೆಡ್ಡಿನ ಮೊದಲನೇ ಬಿಸಿನೀರಿನ ಬೇಸಿನ್ ಮುಂದೆಯೇ ಕೂತು ನೂಲು ಬಿಚ್ಚುತ್ತಾಳೆ, ಬೇರೆಯವರನ್ನು ಆ ಜಾಗಕ್ಕೆ ಬಿಡುವುದಿಲ್ಲ. ಮೊನ್ನೆ ಅಂಬರೀಶನ ಗಾಡಿ ಕೆಟ್ಟು ನಿಂತಾಗ ನಿನ್ನನ್ನು ನೆನೆದು, “ನಮ್ಮ ಪಿಲ್ಲ ಇದ್ದಿದ್ರೆ ಹತ್ತು ನಿಮಿಷದ ಕೆಲ್ಸ. ಅವಳ ಕೈಲಿ ಸ್ಪ್ಯಾನರ್ ನೋಡಿ ಎಷ್ಟು ದಿನ ಆಯ್ತೋ ಏನೋ,” ಅಂದಳು.

ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಇಟಲಿಯಿಂದ ಒಂದು ಕಾಗದ ಬಂತು, ನನ್ನ ಹೆಸರಿಗೆ. ತೊಮ್ಮಾಸೊ ಬರೆದದ್ದು. ನಮ್ಮ ಪೋಸ್ಟ್‌ಮನ್ ರಮೇಶ್‌ಬಾಬು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಸ್ಟಾಂಪನ್ನು ತನಗೆ ಕೊಡಬೇಕೆಂದು ಹೇಳಿಯೇ ಕೈಗೆ ಕೊಟ್ಟ. ಅಂಬರೀಶ ಓದಿ ಕನ್ನಡದಲ್ಲಿ ಹೇಳಿದ. ಅವತ್ತಿನಿಂದ ನನಗೆ ಕೆಲಸ ಸಾಗುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರಪಡಬೇಡ. ಮೊದಲಿನಿಂದ ಹಿಡಿಯದೆ ಹೋದರೆ ನನಗೆ ಕೊನೆ ಮುಟ್ಟುವುದಕ್ಕೆ ಆಗುವುದಿಲ್ಲ.

ಎರಡು ವರ್ಷದ ಹಿಂದೆ ನೀನು ಬೆಂಗಳೂರಿನ ಬೈಕ್ ರೇಸಿನ ಟೀಮಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಅಷ್ಟು ಜನ ಗಂಡಸರ ನಡುವೆ ನೀನೊಬ್ಬಳೇ ಹುಡುಗಿ. ಆಗ ತೊಮ್ಮಾಸೊನಿಗೆ ಹತ್ತೊಂಬತ್ತು. “ಅಪ್ಪ, ಇಟಲಿಯಿಂದ ಒಬ್ಬ ಹುಡುಗ ಬಂದಿದಾನೆ. ಗಾಡಿ ಏನು ಹೇಳುತ್ತೆ ಅಂತ ಅವನಿಗೆ ತಿಳಿಯುತ್ತೆ, ಅವನು ಏನು ಹೇಳ್ತಾನೆ ಅಂತ ನಂಗೆ ತಿಳಿಯುತ್ತೆ,” ಅಂತ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆ. ನಿನ್ನ ದನಿಯಲ್ಲಿ ಅಷ್ಟು ಸಂತೋಷವನ್ನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಆ ವರ್ಷ ಆಯುಧಪೂಜೆಗೆ ಮನೆಗೆ ಬರಲೇಬೇಕೆಂದು ಹಠ ಹಿಡಿದವನು ನಾನು. ಚೆನ್ನೈಗೆ ರೇಸಿಗೆ ಹೋಗುವ ವ್ಯಾನು ಶಿಡ್ಲಘಟ್ಟ ಸುತ್ತಿ ಹೋದರೆ ಗಂಟು ಹೋಗುವುದೇನು ಎಂದು ಜಗಳ ತೆಗೆದೆ. ನೀನು ಮ್ಯಾನೇಜರನ್ನು ಹೇಗೋ ಒಪ್ಪಿಸಿದೆ. ಹಬ್ಬದ ಹಿಂದಿನ ಸಂಜೆ ವ್ಯಾನು ಬಂತು. ನೀನು ರೇಸಿನ ಗಾಡಿಯನ್ನು ಇಳಿಸಿ ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿ, ಬ್ರೇಕು, ಚೈನು ಎಲ್ಲ ನೋಡಿ ಮುಗಿಸಿ, ಕಪ್ಪು ಹೊದಿಕೆ ಹೊದಿಸಿದೆ. ಅದೇ ವ್ಯಾನಿನ ಹಿಂದಿನಿಂದ ಅವನೂ ಇಳಿದಿದ್ದ. ಕಡ್ಡಿಯ ಹಾಗಿದ್ದ. ನಿಮ್ಮಮ್ಮ, “ಇಷ್ಟು ಸಣ್ಣಕ್ಕಿದಾನೆ, ಗಾಳಿಗೆ ಹಾರಿಹೋಗಲ್ವೇನೇ?” ಅಂದಳು. ತೊಮ್ಮಾಸೊ ಎನ್ನಲು ನಾಲಿಗೆ ಹೊರಳದೆ ಅವನನ್ನು ತಮ್ಮಯ್ಯ ಎಂದೇ ಕರೆದಳು. ಅವನೂ ಓಗೊಟ್ಟ.

ಎರಡು ದಿನ ಇದ್ದ ಹುಡುಗನನ್ನು ನಾನು ಇಷ್ಟು ಹಚ್ಚಿಕೊಂಡದ್ದು ಯಾಕೋ. ಅವರಪ್ಪ ಸಮುದ್ರದ ದಡದ ಒಂದು ಸಣ್ಣ ಊರಿನಲ್ಲಿ ಬಸ್ ಡ್ರೈವರಂತೆ. ಐದು ವರ್ಷಕ್ಕೆ ಮಂಡಿಯೆತ್ತರದ ಗಾಡಿ ಕೊಡಿಸಿ, ಭಾನುವಾರ ಖಾಲಿ ಬಸ್ ಡಿಪೋದಲ್ಲಿ ಓಡಿಸಲು ಬಿಡುತ್ತಿದ್ದನಂತೆ. ಹದಿಮೂರಕ್ಕೆ ಅವರ ದೇಶದ ಮಕ್ಕಳ ಪಂದ್ಯ ಗೆದ್ದ. ಹದಿನೇಳಕ್ಕೆ ದೊಡ್ಡ ಟೀಮಿಗೆ ಹೋದ, ಎರಡು ಸಲ ಮೂರನೆಯವನಾಗಿ ನಿಂತ. ಮಾರನೆಯ ವರ್ಷ ಅವನ ಜಾಗ ದೊಡ್ಡ ಮನೆಯ ಇನ್ನೊಬ್ಬ ಹುಡುಗನಿಗೆ ಹೋಯಿತು. ಮನೆಯಲ್ಲಿ ಕೂತರೆ ಬೆರಳು ಮರೆಯುತ್ತದೆಂದು ಇಷ್ಟು ದೂರ ಬಂದ. ಇದನ್ನೆಲ್ಲ ಅವನು ಹೇಳುತ್ತಿದ್ದರೆ ನೀನು ಕನ್ನಡ ಮಾಡುತ್ತಿದ್ದೆ. ನಾನು ಇಪ್ಪತ್ತೆರಡು ವರ್ಷ ಇನ್ನೊಬ್ಬರ ಬೇಸಿನ್ ಮುಂದೆ ಕೂತು ಆಮೇಲೆ ನನ್ನದೆಂದು ನಾಲ್ಕು ಹಾಕಿಕೊಂಡವನು. ಜಾಗ ಹೋಗುವುದು ಅಂದರೇನು ಎಂದು ನನಗೆ ಯಾರೂ ಕನ್ನಡ ಮಾಡಬೇಕಾಗಿರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ, ಪೂಜೆಗೆ ಮೊದಲು, ಅವನು ಗಂಗುಲಮ್ಮನ ಪಕ್ಕದಲ್ಲಿ ಕೂತು ಕುದಿಯುವ ನೀರಿಗೆ ಕೈ ಹಾಕಿ ಎಳೆಯ ತುದಿ ಹುಡುಕಲು ಹೋದ. ಬೆರಳು ಚುರ್ರೆಂದಿತು. “ವೇಲು ಕಾಲಿಂದಾ ನಾಯನಾ?” ಅಂತ, ಬೆರಳು ಸುಟ್ಟಿತೇ ಎಂದು ತೆಲುಗಿನಲ್ಲೇ ಕೇಳಿ ಅವಳು ನಕ್ಕಳು. ಅವನು ನನ್ನ ಬೆಳ್ಳಗೆ ಬೆಂದ ಬೆರಳುಗಳನ್ನು ಹಿಡಿದು ನೋಡಿದ. ಆಮೇಲೆ ತನ್ನ ಬಲಗೈಯ ಎರಡು ಬೆರಳನ್ನು ತೋರಿಸಿ ಏನೋ ಹೇಳಿದ. “ಬ್ರೇಕ್ ಹಿಡಿಯೋದು ಈ ಎರಡೇ ಬೆರಳಲ್ಲಂತೆ ಅಪ್ಪ. ಎಲ್ಲರಿಗಿಂತ ಕೊನೆಗೆ ಹಿಡೀತಾನೆ, ಅದಕ್ಕೇ ಗೆಲ್ತಾನೆ. ತನುಜಾ ನೋಡಿದ ಬ್ರೇಕು ಅಂದ್ರೆ ಕಣ್ಮುಚ್ಚಿ ಹಿಡೀತೀನಿ ಅಂತಾನೆ,” ಎಂದು ಹೇಳುವಾಗ ನಿನಗೆ ನಾಚಿಕೆಯಾಗಿತ್ತು.

ಆ ರೇಸು ಗೆದ್ದಿದ್ದರೆ ಅವನಿಗೆ ಮತ್ತೆ ಯುರೋಪಿನ ಟೀಮಿನಿಂದ ಕರೆ ಬರುವುದಿತ್ತು. ಅದನ್ನು ನೀನು ಊಟದ ಹೊತ್ತಿನಲ್ಲಿ ಹೇಳಿದೆ. ಊಟವಾದ ಮೇಲೆ ಅವನಿಗೆ ಗವಿ ತೋರಿಸುತ್ತೇನೆಂದು ಅಂಬರೀಶನ ಗಾಡಿಯಲ್ಲಿ ಕೈವಾರಕ್ಕೆ ಕರೆದುಕೊಂಡು ಹೋದೆ. ಹೋಗುವಾಗ ಹೊದಿಕೆಯ ಮೇಲೆ ಕೈಯಿಟ್ಟು ನನ್ನನ್ನು ನೋಡಿ, “ಇದಕ್ಕೆ ನಿಂಬೆಹಣ್ಣು, ಕುಂಕುಮ ಏನೂ ಬೇಡ. ಮುಟ್ಟಲೇಬೇಡ ಕಣಪ್ಪ,” ಅಂದೆ. ನಾನು ಹೂಂ ಅಂದೆ.

ನಮ್ಮ ಮನೆಯಲ್ಲಿ ದೇವರ ಮೂಲೆ ಇಲ್ಲ. ಬುದ್ಧ, ಬಾಬಾಸಾಹೇಬರ ಫೋಟೊ ಬಿಟ್ಟರೆ ಗೋಡೆಯ ಮೇಲೆ ಕ್ಯಾಲೆಂಡರು. ಆಯುಧಪೂಜೆ ಒಂದನ್ನು ಮಾತ್ರ ನಾನು ಬಿಟ್ಟಿಲ್ಲ. “ಇದ್ಯಾಕಪ್ಪ ನಮಗೆ?” ಎಂದು ನೀನು ಪ್ರತಿ ವರ್ಷ ಕೇಳುತ್ತಿದ್ದೆ. “ದೇವರಿಗಲ್ಲ ಕಣೇ, ಅನ್ನ ಹಾಕೋ ಮಿಷನ್‌ಗೆ ಕೈ ಮುಗೀತೀನಿ,” ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ನಿನಗೆ ನೆನಪಿರಬೇಕು, ರಾಟೆ, ಮೋಟಾರು, ತಕ್ಕಡಿ ಎಲ್ಲ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇವೆ. ಹೊಳಪಿಗೆ ಹೊಳಪೂ ಆಯಿತು, ಬೊಟ್ಟು ಉದುರದೆ ನಿಲ್ಲುವುದೂ ಆಯಿತು. ನಾನು ಕೆಲಸ ಕಲಿತ ಮನೆಯಲ್ಲಿ ಹಾಗೇ ಮಾಡುತ್ತಿದ್ದರು. ಹೋದ ವರ್ಷ ಆ ಕೆಲಸವನ್ನು ಅಂಬರೀಶನಿಗೆ ಬಿಟ್ಟೆ. ಬರುವ ಬುಧವಾರ ಮತ್ತೆ ಹಬ್ಬ. ಗಂಗುಲಮ್ಮ ನಿನ್ನೆಯೇ ಆ ಬಟ್ಟೆ ತೆಗೆದು ತಂದಿಟ್ಟಳು. ಕಣ್ಣೆದುರು ಇಡಬೇಡ ಎಂದು ರೇಗಿಬಿಟ್ಟೆ. ಪಾಪ, ಅವಳಿಗೇನು ಗೊತ್ತು.

ಹಬ್ಬದ ಮಾರನೆಯ ದಿನ ನೀವು ಹೊರಟಿರಿ. ದಾರಿಯಲ್ಲಿ ವ್ಯಾನು ಕೆಟ್ಟು, ನೀವು ಟ್ರ್ಯಾಕ್ ಮುಟ್ಟುವ ಹೊತ್ತಿಗೆ ಪ್ರಾಕ್ಟೀಸ್ ಶುರುವಾಗಿತ್ತಂತೆ. ಹಬ್ಬದ ಹಿಂದಿನ ಸಂಜೆಯೇ ಎಲ್ಲ ನೋಡಿ ಹೊದಿಸಿದ ಗಾಡಿ, ಹೊದಿಕೆ ತೆಗೆದು ಹಾಗೇ ಟ್ರ್ಯಾಕಿಗೆ ಬಿಟ್ಟಿರಿ. ಮೊದಲನೇ ಸುತ್ತು. ಉದ್ದದ ನೇರದಾರಿಯ ತುದಿಯಲ್ಲಿ ಅವನು ಎರಡು ಬೆರಳಲ್ಲಿ ಬ್ರೇಕು ಹಿಡಿದ. ಗಾಡಿ ನಿಲ್ಲಲಿಲ್ಲ.

ಆಸ್ಪತ್ರೆಯಿಂದ ನೀನು ಫೋನ್ ಮಾಡಿದೆ. “ಸೊಂಟದ ಮೂಳೆ ಮುರಿದಿದೆ, ಬಲಗೈ ಮಣಿಕಟ್ಟು ಪುಡಿಯಾಗಿದೆ ಅಪ್ಪ. ಬ್ರೇಕಿನ ಡಿಸ್ಕ್ ಮೇಲೆ ಎಣ್ಣೆ ಪಸೆ ಇತ್ತಂತೆ. ಬ್ರೇಕ್ ಕ್ಲೀನ್ ಮಾಡಿದ್ಮೇಲೆ ಚೈನಿಗೆ ಎಣ್ಣೆ ಬಿಟ್ಟೆ. ಅದೇ ಕೈಲಿ ಮುಟ್ಬಿಟ್ಟೆನೋ ಏನೋ. ನಾನೇ ಅಪ್ಪ, ನಾನೇ ಮಾಡಿದ್ದು,” ಎಂದು ಅತ್ತೆ. ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ.

ಟೀಮಿನವರು ಕೇಳುವ ಮೊದಲೇ ನೀನು ‘ತಪ್ಪು ನನ್ನದು’ ಎಂದು ಬರೆದುಕೊಟ್ಟು ಬಂದೆ. ಸ್ಪ್ಯಾನರ್ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಗೌರಿಬಿದನೂರಿನ ಗಾಡಿ ಮಾರುವ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ರಿಜಿಸ್ಟ್ರೇಷನ್ ಕಾಗದ ನೋಡುವ ಕೆಲಸ ಹಿಡಿದೆ. ಮನೆಗೆ ಬಂದಾಗ ಅಂಬರೀಶ ಗಾಡಿಯ ಮುಂದೆ ತಿಣುಕುತ್ತಿದ್ದರೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತೀಯ. ಆ ಕೈಗಳನ್ನು ನೋಡುವುದು ನನ್ನಿಂದ ಆಗುತ್ತಿಲ್ಲ ತನು.

ಈಗ ತೊಮ್ಮಾಸೊ ಬರೆದದ್ದು ಕೇಳು. ಮೂರು ಆಪರೇಷನ್ ಆಯಿತಂತೆ. ಎಂಟು ತಿಂಗಳು ಅವರಪ್ಪನೇ ಅವನಿಗೆ ಷರ್ಟಿನ ಗುಂಡಿ ಹಾಕುತ್ತಿದ್ದನಂತೆ. ಮಣಿಕಟ್ಟು ಪೂರ್ತಿ ಬಗ್ಗುವುದಿಲ್ಲ. ಆದರೂ ಈ ಬೇಸಿಗೆಯಲ್ಲಿ ಮತ್ತೆ ಟ್ರ್ಯಾಕಿಗೆ ಇಳಿದು ಹನ್ನೊಂದನೆಯವನಾಗಿ ಬಂದ. ಬರುವ ವರ್ಷಕ್ಕೆ ಒಂದು ಸಣ್ಣ ಟೀಮು ಅವನನ್ನು ತೆಗೆದುಕೊಂಡಿದೆ, ಒಬ್ಬ ಮೆಕ್ಯಾನಿಕ್ಕನ್ನು ನೀನೇ ಆರಿಸಿಕೋ ಅಂದಿದೆ. ಅವನು ನಿನ್ನ ಹೆಸರು ಹೇಳಿದ್ದಾನೆ. ನಿನಗೆ ಮೂರು ಸಲ ಬರೆದನಂತೆ, ‘ನನ್ನ ಕೈಯನ್ನು ನಂಬಬೇಡ’ ಎಂದು ಒಂದೇ ಸಾಲು ಉತ್ತರ ಕೊಟ್ಟೆಯಂತೆ. ಅಕ್ಟೋಬರ್ ಹದಿನೈದರೊಳಗೆ ಹೆಸರು ಕೊಡದಿದ್ದರೆ ಬೇರೆಯವರನ್ನು ಹಾಕುತ್ತಾರೆ. ಕೊನೆಯಲ್ಲಿ ಅವನು ನನಗೆ ಒಂದು ಮಾತು ಬರೆದಿದ್ದಾನೆ: ‘ಅಪ್ಪ, ನಾನು ಅವಳನ್ನು ಯಾವತ್ತೋ ಕ್ಷಮಿಸಿದ್ದೇನೆ. ಅವಳೂ ತನ್ನನ್ನು ಕ್ಷಮಿಸಿಕೊಳ್ಳಲಿ. ನೀವು ಹೇಳಿದರೆ ಕೇಳುತ್ತಾಳೆ.’

ಅದಕ್ಕೇ ಹೇಳುತ್ತಿದ್ದೇನೆ, ಹೋಗು. ಅಂಬರೀಶ ನಿನ್ನ ಪಾಸ್‌ಪೋರ್ಟು ತೆಗೆದಿಟ್ಟಿದ್ದಾನೆ. ನಿಮ್ಮಮ್ಮ ಮೊದಲು, “ಅಷ್ಟು ದೂರ ಹೆಣ್ಣು ಹುಡುಗಿ ಒಬ್ಬಳೇನಾ?” ಅಂದಳು. ಅರ್ಧ ಗಂಟೆ ಬಿಟ್ಟು, “ತಮ್ಮಯ್ಯಂಗೆ ಹುರಿಗಾಳು ಅಂದ್ರೆ ಇಷ್ಟ, ಕಟ್ಕೊಡ್ತೀನಿ,” ಅಂದಳು. ಅವಳ ಒಪ್ಪಿಗೆ ಅಂದರೆ ಅಷ್ಟೇ, ನಿನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿದ್ದರೂ, ಯಾವ ಗಾಡಿ ಮುಟ್ಟಿದರೂ, ಅದನ್ನು ಹತ್ತಿ ಹೋದವನು ಕ್ಷೇಮವಾಗಿ ತಿರುಗಿ ಬರಲಿ. ಅಪ್ಪನಾಗಿ ನಾನು ನಿನಗೆ ಕೊಡಬಹುದಾದ ಹರಕೆ ಅದೊಂದೇ.

ಇಂತಿ ನಿನ್ನ ಅಪ್ಪ,
ಚೆನ್ನರಾಯಪ್ಪ

ತಾ.ಕ.: ಕವರಿಗೆ ಅಂಟು ಹಾಕಿದ್ದೆ. ಮತ್ತೆ ಹರಿದು ಬರೆಯುತ್ತಿದ್ದೇನೆ. ನೀವಿಬ್ಬರೂ ಕೈವಾರಕ್ಕೆ ಹೋದ ಆ ಮಧ್ಯಾಹ್ನ ನಾನು ಹೊದಿಕೆ ತೆಗೆದೆ. ಮಿಷನ್ನುಗಳಿಗೆಲ್ಲ ಪೂಜೆಯಾಗಿ ನಿನ್ನದೊಂದು ಮಾತ್ರ ಬರಿದೇ ನಿಂತಿದೆ, ಆ ಹುಡುಗನಿಗೆ ಇದೇ ಕೊನೆಯ ಅವಕಾಶ ಅಂತ ಮನಸ್ಸಿಗೆ ಕಸಿವಿಸಿಯಾಯಿತು. ರಾಟೆ ಒರೆಸಿದ ಎಣ್ಣೆ ಬಟ್ಟೆಯಲ್ಲೇ ಅದನ್ನೂ ಒರೆಸಿದೆ. ಮುಂದಿನ ಚಕ್ರದ ಆ ಎರಡು ಬಿಲ್ಲೆಗಳು ಚೆನ್ನಾಗಿ ಹೊಳೆಯಲೆಂದು ಎರಡು ಸಲ ಒರೆಸಿದೆ. ಅವೇ ಬ್ರೇಕೆಂದು ನನಗೆ ಗೊತ್ತಿರಲಿಲ್ಲ. ಬೊಟ್ಟಿಟ್ಟು ಕೈ ಮುಗಿದೆ. ನೀನು ಬಂದು ನೋಡಿ ಬೈಯುತ್ತೀಯೆಂದು ಅದೇ ಬಟ್ಟೆಯಲ್ಲಿ ಬೊಟ್ಟು ಅಳಿಸಿ, ಹೊದಿಕೆಯನ್ನು ಇದ್ದ ಹಾಗೆ ಹೊದಿಸಿದೆ.

ಅದು ತಿಳಿಯದೆ ಮಾಡಿದ್ದು. ತಿಳಿದು ಮಾಡಿದ್ದು ಆಮೇಲಿನದು. ಆಸ್ಪತ್ರೆಯಿಂದ ನೀನು ಎಣ್ಣೆ ಪಸೆ ಅಂದ ಕೂಡಲೇ ನನಗೆ ಗೊತ್ತಾಯಿತು. ನೀನು ‘ನಾನೇ ಮಾಡಿದ್ದು’ ಎಂದು ಅಳುತ್ತಿದ್ದೆ. ಇಲ್ಲ ಅನ್ನಲು ಬಾಯಿ ತೆರೆದೆ. ತೆರೆದ ಬಾಯಲ್ಲಿ ನಾನು ಹೇಳಿದ್ದು, “ಆಗಿದ್ದು ಆಯ್ತು ಬಿಡಮ್ಮ, ಇನ್ಮೇಲೆ ಹುಷಾರಾಗಿರು.” ಎರಡು ವರ್ಷ ನಿನ್ನ ಎದುರು ಕೂತು ಊಟ ಮಾಡಿದ್ದೇನೆ.

ತೊಮ್ಮಾಸೊನಿಗೆ ಇದೆಲ್ಲವನ್ನೂ ಅಂಬರೀಶನ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ನಿನ್ನೆಯೇ ಪೋಸ್ಟ್ ಮಾಡಿದೆ. ಇದನ್ನು ನಿನಗೆ ಕಳಿಸಲು ಧೈರ್ಯ ಸಾಲದೆ ಹೋದರೆ ಎಂಬ ಭಯಕ್ಕೆ ಅದನ್ನು ಮೊದಲು ಕಳಿಸಿದೆ. ಅವನ ಕ್ಷಮೆ ನಿನಗೆ ಬೇಕಾಗಿಲ್ಲ. ನನಗೆ ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು.

ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಮನೆಗೆ ಬರಬೇಡ, ಗೌರಿಬಿದನೂರಿನಿಂದಲೇ ಹೊರಡು. ನಿನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೇನೆ, ಅಂಬರೀಶ ತಂದುಕೊಡುತ್ತಾನೆ. ಒಂದೊಂದನ್ನೂ ಒಣ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ.