ಮೂವತ್ತು ಹೆಜ್ಜೆ ದೂರದ ಪ್ರಶ್ನೆ

ಭಾನುವಾರ, ಫೆಬ್ರವರಿ 9

ಚೆಂಡು ಕೈ ತಪ್ಪಿದ್ದು ಬಿಸಿಲಿನಿಂದಲ್ಲ. ಎಲ್ಲರಿಗೂ ಬಿಸಿಲೆಂದೇ ಹೇಳಿ ಬಂದಿದ್ದೇನೆ; ಇಲ್ಲೂ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸಲು ಇಬ್ಬಿಬ್ಬರು ಚೆಂಡು ಎಸೆದು ಹಿಡಿಯುವ ಆಟ. ಒಂದೊಂದು ಸಲ ಚೆಂಡು ಹಿಡಿದಾಗಲೂ ದಾನಿಗಳು ದುಡ್ಡು ಕೊಡುತ್ತಾರೆ. ಹತ್ತು ಸಲ ಹಿಡಿದರೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಚೆಂಡು ನೆಲ ಮುಟ್ಟಿತೋ, ಮನೆಗೆ. ಚೀಟಿ ಎತ್ತಿದಾಗ ನನಗೆ ಜೋಡಿಯಾದವರು ಮೂಲೆಯಂಗಡಿಯ ಟೈಲರು. ಪತ್ರಿಕೆಗೆ ಹಾಸ್ಯ ಬರೆಯುವ ಈ ಮಹಾಶಯ, ಅಂದರೆ ನಾನು, ಹನ್ನೊಂದು ವರ್ಷ ಅವರ ಅಂಗಡಿ ಮುಂದೆ ಓಡಾಡಿದರೂ ಮಾತಾಡಿಸಿದ್ದು ಇವತ್ತೇ. ಸ್ನೇಹ ಬೆಳೆದಷ್ಟೂ ದೂರ ಸರಿದೆವು, ದೂರ ಸರಿದಷ್ಟೂ ಕಿರುಚಿದೆವು.

"ಸಾರ್, ನಿಮ್ಮ ಕೈಗೆ ಪೆನ್ನೇ ಸರಿ!"

"ನಿಮ್ಮ ಅಳತೆ ತಪ್ಪಿದೆ ಮಾಸ್ಟ್ರೇ, ಚೆಂಡು ಗಿಡ್ಡ ಆಯ್ತು!"

ನಗುತ್ತಿರುವಾಗಲೇ ಮೂವತ್ತು ಹೆಜ್ಜೆ ಆಚೆಯಿಂದ ಚೆಂಡೂ ಪ್ರಶ್ನೆಯೂ ಒಟ್ಟಿಗೆ ಬಂದವು: "ಮನೇಲಿ ಯಾರ್ಯಾರಿದ್ದೀರಿ, ಸಾರ್?"

ಉತ್ತರ ಒಂದೇ ಪದ. ಅದನ್ನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಲಾರದೆ ಚೆಂಡನ್ನೇ ಬಿಟ್ಟುಬಿಟ್ಟೆ.

"ಅಯ್ಯೋ, ಹೋಗ್ಲಿ ಬಿಡಿ ಸಾರ್!" ಎಂದು ಕೈ ಬೀಸಿ ಅವರು ಹೊರಟೇಹೋದರು.

ಈಗ, ಸರಿಯಾಗಿಯೇ ಇದ್ದ ಅಂಗಿಯ ಗುಂಡಿಯೊಂದನ್ನು ಕತ್ತರಿಸಿ ಮೇಜಿನ ಮೇಲಿಟ್ಟಿದ್ದೇನೆ. ನಾಳೆ ಹೊಲಿಸಬೇಕು. ಅವರ ಅಂಗಡಿಯಲ್ಲಿ ನಮ್ಮಿಬ್ಬರ ನಡುವೆ ಇರುವುದು ಒಂದು ಹೊಲಿಗೆ ಯಂತ್ರ, ಅಷ್ಟೇ. ಅಲ್ಲಿ ಮೆಲ್ಲಗೆ ಹೇಳಿದರೂ ಕೇಳುತ್ತದೆ. ಅವರು ಇನ್ನೊಮ್ಮೆ ಕೇಳಿದರೆ ಆ ಒಂದು ಪದ ಹೇಳಿಬಿಡುತ್ತೇನೆ: ಒಬ್ಬನೇ.