ಕೌದಿಯಲ್ಲಿ ನಾನು ತುಂಬಿದ ಬಯಲು

೨೩೧೬ನೆಯ ಇಸವಿ, ಶ್ರಾವಣ.

ಹಿಂದಿನ ಕಾಲದ ಹಿರಿಯರಿಗೆ, ಕೌದಿ ಹೊಲಿಯುವ ಹೊನ್ನವ್ವನ ಶರಣು.

ಈ ಕಥೆಯನ್ನು ಮೊದಲು ಹೇಳಿದವಳು ನಾನೇ, ಮೊನ್ನೆ ನಾಗಪಂಚಮಿಯ ಸಂಜೆ, ನಮ್ಮ ಓಣಿಯ ಹೆಂಗಸರೆದುರು. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹಣೆಗೆರೆ ಎಂದರೆ ಕೂಸಿನ ಮಿದುಳಿನ ವಿದ್ಯುತ್ತು ಬರೆಯುವ ಗೆರೆ. ಯಂತ್ರಗಳಲ್ಲಿದ್ದ ದಾಖಲೆಗಳೆಲ್ಲ ಒಮ್ಮೆ ಅಳಿಸಿಹೋದ ಮೇಲೆ ನಾವು ಅವನ್ನು ನೆಚ್ಚಿಕೊಂಡಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಕೂಸಿನ ಹಣೆಗೆರೆಯನ್ನು ವಾರಕ್ಕೊಂದು ಸಾಲಿನಂತೆ ಅದರ ಕೌದಿಯ ಮೇಲೆ ಹೊಲಿಯುತ್ತೇವೆ. ಕೂಸು ಯಾವ ಊರಿನ ಆಸ್ಪತ್ರೆಗೆ ಹೋದರೂ ಡಾಕ್ಟರು ಮೊದಲು ಕೌದಿ ಬಿಡಿಸಿ ಓದುತ್ತಾರೆ.

ಆರು ವರ್ಷದ ಹಿಂದೆ ನಮ್ಮ ಓಣಿಯ ಫಕ್ಕೀರವ್ವನ ಕೂಸು ಏಳು ತಿಂಗಳಿಗೇ ಹುಟ್ಟಿತು. ಅಂಥ ಕೂಸಿನ ಮಿದುಳು ಒಂದಿಷ್ಟು ಮಾತಾಡಿ, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಮಾತಾಡುತ್ತದೆ. ಆ ವಯಸ್ಸಿಗೆ ಅದೇ ಸರಿ. ಅದು ಸುಮ್ಮನಿದ್ದ ಹೊತ್ತಿಗೆ ಕೌದಿಯಲ್ಲಿ ಹೊಲಿಗೆ ಹಾಕದೆ ಬಯಲು ಬಿಡುತ್ತೇವೆ. ತಿಂಗಳು ತುಂಬುತ್ತ ಬಂದಂತೆ ನಡುವಿನ ಬಯಲು ತಾನೇ ಕಿರಿದಾಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ತಪ್ಪು ಮಾಡಿದೆ.

ಕೌದಿ ನೋಡಿದ ಫಕ್ಕೀರವ್ವನ ಅತ್ತೆ, "ಇದೇನ್ ಕೂಸಿನ ತಲಿಯೋ, ಆಡು ಮೇಯ್ದ ಹೊಲಾನೋ?" ಎಂದಳು. ಫಕ್ಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕಿ ನನ್ನ ಕಡೆ ತಿರುಗಿ, "ನಿನ್ನ ಸೂಜಿಗಿ ತುಕ್ಕ ಹಿಡದೈತೇನವಾ ಹೊನ್ನವ್ವ?" ಎಂದಳು. ಬಯಲು ಬಿಟ್ಟ ಕೌದಿ ಮೈಗಳ್ಳಿಯ ಕೌದಿ ಎನ್ನುವುದು ನಮ್ಮ ಕಡೆಯ ಮಾತು. ನನಗೆ ತಡೆಯಲಾಗಲಿಲ್ಲ. ಆ ಮಧ್ಯಾಹ್ನವೇ ಬಯಲಿನಲ್ಲೆಲ್ಲ ಅಲೆ ಹೊಲಿದು, ತುಂಬು ತಿಂಗಳ ಕೂಸಿನ ಗೆರೆಯಂತೆ ಮಾಡಿಕೊಟ್ಟೆ. ಎಲ್ಲರೂ ಹೊಗಳಿದರು.

ಮರುವಾರ ಕೂಸನ್ನು ಪಟ್ಟಣಕ್ಕೆ ಒಯ್ದರು. ಅಲ್ಲಿಯ ಡಾಕ್ಟರು ಕೌದಿ ಓದಿ, ಮಿದುಳು ಬಲಿತಿದೆ ಎಂದು ಉಸಿರುಗಾವಲನ್ನು ಬಿಚ್ಚಿಸಿದರು; ಅದು ಉಸಿರು ನಿಂತರೆ ಕೂಗುವ ಎದೆಪಟ್ಟಿ. ತಾಯಿಯ ಎದೆಯ ಮೇಲೆ ಮಲಗಿದ್ದಂತೆಯೇ ಕೂಸು ನೀಲಿಗಟ್ಟಿತು. ಫಕ್ಕೀರವ್ವ ಅಂಗಾಲು ತಿಕ್ಕಿ ತಿಕ್ಕಿ ಉಸಿರು ತರಿಸಿದಳು. ಊರೆಲ್ಲ ಆ ಡಾಕ್ಟರನ್ನು ಬೈಯಿತು. ನಾನೂ ಹೌದೆಂದು ತಲೆಯಾಡಿಸಿದೆ. ಈಗ ಆ ಹುಡುಗಿಗೆ ಆರು ವರ್ಷ. ಅವಳು ಅಜ್ಜಿ ಎಂದು ಕರೆದಾಗಲೆಲ್ಲ ನಾನು ಸೂಜಿಯ ಕಣ್ಣು ಹುಡುಕುತ್ತೇನೆ.

ಹಿರಿಯರೇ, ಈ ಗೆರೆಯನ್ನು ಓದಲು ಕಲಿತವರಲ್ಲಿ ನೀವು ಮೊದಲಿಗರು. ಕೂಸಿನ ಬಯಲನ್ನು ಬಯಲಾಗಿಯೇ ಬಿಡಿರೆಂದು ನಿಮ್ಮ ಮಕ್ಕಳಿಗೆ ಹೇಳಿಡಿ. ಆ ಮಾತು ನನ್ನಂಥವರ ತನಕ ಬಂದು ಮುಟ್ಟಲಿ.

ನಾಗಪಂಚಮಿಯ ಸಂಜೆ ಈ ಕಥೆ ಕೇಳಿದ ಹೆಂಗಸರು ಎದ್ದು ತಂತಮ್ಮ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಫಕ್ಕೀರವ್ವ ಆ ಕೌದಿಯನ್ನು ತಂದು ನನ್ನ ಮುಂದೆ ಹಾಕಿ, ಕೈಗೆ ಬ್ಲೇಡು ಕೊಟ್ಟಳು. ನಾನು ಸೇರಿಸಿದ್ದ ಸುಳ್ಳು ಅಲೆಗಳನ್ನು ಬಿಚ್ಚಲು ಕೂತೆ. ಹೊತ್ತೇರುವಷ್ಟರಲ್ಲಿ ಇನ್ನೂ ನಾಲ್ವರು ತಾಯಂದಿರು ತಮ್ಮ ಕೌದಿ ಹೊತ್ತು ಬಂದು ಪಕ್ಕದಲ್ಲಿ ಕೂತರು. ಅವನ್ನೂ ಹೊಲಿದವಳು ನಾನೇ; ಬಯಲನ್ನು ಬಯಲಾಗಿಯೇ ಬಿಟ್ಟು ಕೊಟ್ಟಿದ್ದೆ. ಈಗ ಒಂದರಲ್ಲೂ ಬಯಲಿರಲಿಲ್ಲ; ತಾಯಂದಿರು ತಾವೇ ಅಲೆ ಹೊಲಿದು ತುಂಬಿದ್ದರು.