ಮನೆಯವರ ಹತ್ತಿರ ಮಾತಾಡಬೇಕಂತೆ

ಜನವರಿ 9, 2006. ಸೋಮವಾರ, ಬೆಳಿಗ್ಗೆ

ಓಟ್ಸ್ ಪಾರಿಜ್ ಉಕ್ಕಿತು. ಸ್ಟವ್ ಒರೆಸಿದೆ. ಇವರು ಹೊರಟರು — ಹೊರಟವರು ಎರಡು ಸಲ ವಾಪಸ್ ಬಂದರು, ಒಮ್ಮೆ ಕನ್ನಡಕಕ್ಕೆ, ಒಮ್ಮೆ ಫೋನಿಗೆ. ಐರ್ಲೆಂಡಿನ ಈ ಲೆಟರ್‌ಕೆನ್ನಿಯ ಅರ್ಧ ಊರಿನ ಎದೆಬಡಿತ ಕೇಳಿರುವ ಡಾಕ್ಟರಿಗೆ ತಮ್ಮ ಕನ್ನಡಕ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕಾದು ಕಂಪ್ಯೂಟರ್ ಹಾಕಿದೆ.

ಬಂದಿದೆ! ಸೆಲೆಕ್ಟ್ ಆಗಿದ್ದೇನೆ!

ಜಪಾನಿನ ತೊಯಾಮಾ ಅನ್ನುವ ಊರು. ಇಂಗ್ಲಿಷ್ ಕಲಿಸುವ ಸಣ್ಣ ಸ್ಕೂಲು. ಏಪ್ರಿಲ್‌ನಿಂದ ಒಂದು ವರ್ಷ. ಕೆಳಗೆ ನಿಶಿಮುರಾ ಅಂತ ಹೆಸರು — ಫೋನಿನಲ್ಲಿ ಇಂಟರ್‌ವ್ಯೂ ಮಾಡಿದ ಮೇಡಂ. "ನಿಮ್ಮ ಇಂಗ್ಲಿಷ್ ಯಾವ ಊರಿನದು?" ಅಂತ ಕೇಳಿದ್ದರು. ಮೈಸೂರಿನದು, ಇಲ್ಲಿನ ಡೊನೆಗಾಲ್ ಮಳೆಯಲ್ಲಿ ನೆನೆದಿದೆ ಅಂದಿದ್ದೆ. ನಕ್ಕಿದ್ದರು. ನಕ್ಕರು ಅಂದಮೇಲೆ ಕೆಲಸ ಹೋಯಿತು ಅಂದುಕೊಂಡಿದ್ದೆ.

ಅರ್ಜಿ ಹಾಕಿದ್ದು ಬರೀ ಕುತೂಹಲಕ್ಕೆ. ಮೀನಿನ ಫ್ಯಾಕ್ಟರಿಗೆ ಬಂದಿರುವ ಪೋಲೆಂಡಿನ ಹೆಂಗಸರಿಗೆ ಸಂಜೆ ಹೊತ್ತು ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತೇನಲ್ಲ, ಅವರಲ್ಲೊಬ್ಬಳು ಜಾಹೀರಾತು ಹಿಡಿದು ಬಂದು "ಟೀಚರ್, ಯೂ ಗೋ" ಅಂದಳು. ಎಂ.ಎ. ಇದೆ. ಐರಿಷ್ ಪಾಸ್‌ಪೋರ್ಟ್ ಇದೆ. ಏನಂತಾರೋ ನೋಡೋಣ ಅಂತ ಹಾಕಿದೆ. ಈಗ ಹೋಗಬೇಕು ಅನ್ನಿಸುತ್ತಿದೆ. ತುಂಬಾ ಅನ್ನಿಸುತ್ತಿದೆ. ಮದುವೆಗೆ ಮುಂಚೆ ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡಿದ್ದು, ಆಮೇಲೆ ಸ್ವಂತದ್ದು ಅಂತ ಒಂದು ಕೆಲಸ ಇಲ್ಲ. ನಲವತ್ತೇಳಾಯಿತು.

ಇವರಿಗೆ ಹೇಳಿಲ್ಲ.

ಜನವರಿ 10. ಮಂಗಳವಾರ

ಹೇಳಿದೆ. ಊಟದ ಮಧ್ಯೆ.

"ರೀ, ಜಪಾನ್‌ನಲ್ಲಿ ನಂಗೆ ಕೆಲಸ ಸಿಕ್ಕಿದೆ. ಇಂಗ್ಲಿಷ್ ಟೀಚರ್."

"ಹೂಂ."

"ಏಪ್ರಿಲ್‌ಗೆ ಹೋಗ್ಬೇಕು. ಒಂದು ವರ್ಷ."

"ಹೂಂ. ಆ ಮೊಸರು ಈ ಕಡೆ ಕೊಡು."

ಮೊಸರು ಕೊಟ್ಟೆ. ಕಲಸಿಕೊಂಡು ಉಂಡರು. ಟೀವಿ ಮುಂದೆ ಕೂತರು. ಯಾವ ಊರು, ಯಾಕೆ, ಯಾರ ಜೊತೆ — ಒಂದೂ ಇಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. 'ಹೂಂ' ಜೊತೆ ಹೇಗೆ ಜಗಳ ಆಡುವುದು? ಪಾತ್ರೆ ಜೋರಾಗಿ ತೊಳೆದೆ. ಕೇಳಿಸಿತೋ ಇಲ್ಲವೋ. ಬೇಜಾರಾಗಿದೆ. ಸಿಟ್ಟಿಗಿಂತ ಬೇಜಾರೇ ಜಾಸ್ತಿ.

ಜನವರಿ 21. ಶನಿವಾರ

ನಿಶಿಮುರಾ ಮೇಡಂ ಫೋನ್ ಮಾಡಿದ್ದರು. ಟೀಚರುಗಳಿಗೆ ಅಂತ ಇದ್ದ ಹಳೇ ಬಿಲ್ಡಿಂಗ್ ಕೆಡವುತ್ತಿದ್ದಾರಂತೆ, ನನಗೆ ಬೇರೆ ಬಾಡಿಗೆ ಮನೆ ಹುಡುಕಬೇಕು. ಒಂದು ನೋಡಿದ್ದಾರೆ. "ಆರು ಚಾಪೆ ಕೋಣೆ, ಸಾಕಾಗುತ್ತಾ?"

ನಾನು ಥಟ್ಟನೆ — "ಅಯ್ಯೋ, ಬರೋದು ನಾನೊಬ್ಬಳೇ! ಆರು ಜನ ಅಲ್ಲ."

ಮೇಡಂ ಮೆಲ್ಲಗೆ ವಿವರಿಸಿದರು. ಅಲ್ಲಿ ಕೋಣೆಯ ಅಳತೆಯೇ ಚಾಪೆಯಲ್ಲಿ. ನೆಲಕ್ಕೆ ಎಷ್ಟು ಚಾಪೆ ಹಿಡಿಯುತ್ತದೋ ಕೋಣೆ ಅಷ್ಟು ದೊಡ್ಡದು. ನಾನೋ, ಮದುವೆ ಮನೆಯ ಥರ ಸಾಲಾಗಿ ಆರು ಜನ ಮಲಗಿರುವುದನ್ನು ಕಣ್ಣಿಗೆ ತಂದುಕೊಂಡುಬಿಟ್ಟಿದ್ದೆ. ನಾಚಿಕೆಯೂ ಆಯಿತು, ನಗುವೂ ಬಂತು.

ಫೋನ್ ಇಟ್ಟವಳೇ ಬೆಡ್‌ಶೀಟುಗಳನ್ನು ಚಾಪೆ ಅಳತೆಗೆ ಮಡಚಿ ಹಾಲಿನಲ್ಲಿ ಹಾಸಿದೆ. ಗಾಲ್ವೇಯಿಂದ ವೀಕೆಂಡಿಗೆ ಬಂದಿದ್ದ ಮಗಳು ಸಿಂಧು ಮೆಟ್ಟಿಲ ಮೇಲೆ ನಿಂತು ನೋಡಿದಳು.

"ಅಮ್ಮಾ, ವಾಟ್ ಆರ್ ಯು ಅಟ್?"

"ಮನೆ ನೋಡ್ತಿದ್ದೀನಿ. ಇಲ್ಲಿ ಮಲ್ಕೊಳ್ಳೋದು, ಇಲ್ಲಿ ಒಲೆ. ಆ ಮೂಲೇಲಿ ದೇವರು."

"ಇಟ್ಸ್ ವೀ, ಸೋ ಇಟ್ ಈಸ್." ಪುಟ್ಟದು ಅನ್ನುವುದನ್ನು ಇಲ್ಲಿಯವರ ಹಾಗೆ ಅಂದವಳು ಬಂದು ನಾಲ್ಕನೇ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು. "ಆ್ಯಂಡ್ ವೇರ್ ಡು ಐ ಸ್ಲೀಪ್ ವೆನ್ ಐ ವಿಸಿಟ್?"

ಮುದ್ದು ಬಂತು. ಅಷ್ಟರಲ್ಲಿ ಇವರು ಬಂದರು. ಬೆಡ್‌ಶೀಟ್ ತುಳಿಯದ ಹಾಗೆ ಗೋಡೆಗೆ ಆತುಕೊಂಡು ಸುತ್ತಿ ಹೋದರು. ಇದೇನು ಅಂತ ಕೇಳಲಿಲ್ಲ. ಹಾಲಿನ ತುಂಬ ಹೆಂಡತಿ ಬೆಡ್‌ಶೀಟ್ ಹಾಸಿದ್ದಾಳೆ, ನಡುವೆ ಮಗಳು ಮಲಗಿದ್ದಾಳೆ, ಅದೂ ಕೇಳುವಂಥದ್ದಲ್ಲ!

ಫೆಬ್ರವರಿ 3. ಶುಕ್ರವಾರ

ಆರು ಚಾಪೆ ಮನೆ ಇಲ್ಲ. ಮಾಲೀಕರು "ಚೊತ್ತೊ..." ಅಂದರಂತೆ. ಹಾಗಂದರೆ 'ಸ್ವಲ್ಪ' ಅಂತ. ಸ್ವಲ್ಪ ಏನು ಅಂತ ಕೇಳಿದೆ. ಮುಂದೆ ಏನೂ ಇಲ್ಲವಂತೆ. 'ಸ್ವಲ್ಪ' ಅಂತ ಎಳೆದು ಬಿಟ್ಟರೆ ಆಗುವುದಿಲ್ಲ ಅಂತಲೇ ಅರ್ಥ. ಪರದೇಶದವರು ಬೇಡವಂತೆ.

ನಮ್ಮಲ್ಲಿ "ನೋಡೋಣ" ಅನ್ನುವುದಿಲ್ಲವೆ, ಹಾಗೆ.

ಸಿಟ್ಟು ಬಂತು. ಆಮೇಲೆ ಅಪ್ಪ ನೆನಪಾದರು. ಸರಸ್ವತಿಪುರಂ ಮನೆಯ ಔಟ್‌ಹೌಸ್ ಕೇಳಿಕೊಂಡು ಬಂದವರನ್ನು "ನಿಮ್ಮದು ಯಾವ ಜನ?" ಅಂತ ವಿಚಾರಿಸಿಯೇ ಒಳಗೆ ಕೂರಿಸುತ್ತಿದ್ದದ್ದು. ಕಾಫಿ ತಂದುಕೊಡುತ್ತಿದ್ದವಳು ನಾನೇ. ಬಾಗಿಲ ಆಚೆ ನಿಂತವರಿಗೆ ಹೇಗಿರುತ್ತದೆ ಅಂತ ಆಗ ಯೋಚಿಸಿಯೇ ಇರಲಿಲ್ಲ.

ಫೆಬ್ರವರಿ 5. ಭಾನುವಾರ

ಲೈಬ್ರರಿಯಿಂದ ಜಪಾನಿ ಕಲಿಯುವ ಸೀಡಿ ತಂದಿದ್ದೇನೆ. ಇದೆಂಥಾ ಆಶ್ಚರ್ಯ — ಕ್ರಿಯಾಪದ ಕೊನೆಯಲ್ಲಿ! 'ನಾನು ಸ್ಕೂಲಿಗೆ ಹೋಗುತ್ತೇನೆ' ಅನ್ನುವುದನ್ನು ನಮ್ಮ ಕ್ರಮದಲ್ಲೇ ಹೇಳುತ್ತಾರೆ. 'ಗೆ', 'ಯಲ್ಲಿ' ಎಲ್ಲ ಪದದ ಬಾಲಕ್ಕೆ. ಇಂಗ್ಲಿಷಿಗಾಗಿ ಇಷ್ಟು ವರ್ಷ ತಲೆಕೆಳಗು ಯೋಚಿಸಿದವಳಿಗೆ ಕಾಲು ನೆಲಕ್ಕೆ ತಾಗಿದ ಹಾಗಾಯಿತು.

ಇಸ್ತ್ರಿ ಮಾಡುತ್ತಾ ಜೋರಾಗಿ ಹೇಳಿಕೊಂಡೆ. ಇವರು ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಂಡರು. ಪುಟ ಮಾತ್ರ ತಿರುಗಲಿಲ್ಲ. ಕೇಳಿಸಿಕೊಳ್ಳುತ್ತಿದ್ದರಾ?

ಕೇಳಬಹುದಿತ್ತು. ನಾನೂ ಕೇಳಲಿಲ್ಲ. ಇವರ ಹತ್ತಿರ ಕೇಳುವ ರೂಢಿ ತಪ್ಪಿಹೋಗಿದೆ.

ಫೆಬ್ರವರಿ 18. ಶನಿವಾರ

ಎರಡನೆಯ ಮನೆಯೂ ಹೋಯಿತು. ಅದರ ಮಾಲೀಕರಿಗೆ ಪರದೇಶದವಳಾದರೆ ಪರವಾಗಿಲ್ಲ, ಮದುವೆಯಾದವಳು ಗಂಡನನ್ನು ಬಿಟ್ಟು ಯಾಕೆ ಬರುತ್ತಾಳೆ ಅಂತ ಅನುಮಾನ. ಒಬ್ಬೊಬ್ಬರಿಗೆ ಒಂದೊಂದು.

ನಿಶಿಮುರಾ ಮೇಡಂ ಬಿಡಿಸಿ ಹೇಳಿದರು. ಮಾರ್ಚ್ ಹತ್ತರೊಳಗೆ ಮನೆ ಆಗಲೇಬೇಕು. ಇಲ್ಲದಿದ್ದರೆ ಕೆಲಸ ಕೆನಡಾದವನೊಬ್ಬನಿಗೆ — ಅವನು ಆಗಲೇ ತೊಯಾಮಾದಲ್ಲಿ ರೂಮ್ ಮಾಡಿಕೊಂಡಿದ್ದಾನೆ. "ಐ ಆಮ್ ಸಾರಿ" ಅಂತ ಮತ್ತೆ ಮತ್ತೆ ಹೇಳಿದರು. ನಾನೇ ಸಮಾಧಾನ ಮಾಡಬೇಕಾಯಿತು.

ಪಕ್ಕದ ಮನೆಯ ಬ್ರೈಡಿ ಹತ್ತಿರ ಹೇಳಿಕೊಂಡೆ. ಅವಳು ಟೀ ಚೆಲ್ಲಿಕೊಂಡು ನಕ್ಕಳು. ಅವಳ ತಮ್ಮ ಬಲ್ಗೇರಿಯಾದಲ್ಲಿ ಎರಡು ಫ್ಲಾಟ್ ಕೊಂಡಿದ್ದಾನಂತೆ, ಹೋಟೆಲಿನಲ್ಲಿ ಮಾರುವವರು ಸ್ಲೈಡ್ ತೋರಿಸಿದ್ದು ನೋಡಿ. ಬಲ್ಗೇರಿಯಾ ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲವಂತೆ. ಇಡೀ ಐರ್ಲೆಂಡು ಕಾಣದ ಊರುಗಳಲ್ಲಿ ಮನೆ ಕೊಳ್ಳುತ್ತಿದೆ, ನನಗೆ ಬಾಡಿಗೆಗೆ ಒಂದು ಕೋಣೆ ಸಿಗುತ್ತಿಲ್ಲ.

"ಯೂ'ಲ್ ಬಿ ಗ್ರ್ಯಾಂಡ್" ಅಂದಳು. ಎಲ್ಲ ಸರಿಹೋಗುತ್ತದೆ ಅಂತ; ಆಸ್ಪತ್ರೆಗೆ ಸ್ಟ್ರೆಚರಿನಲ್ಲಿ ಹೋಗುವವರಿಗೂ ಅದನ್ನೇ ಅನ್ನುತ್ತಾರೆ ಇಲ್ಲಿ.

ಮಾರ್ಚ್ 6. ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಬೆಳಿಗ್ಗೆ ನಿಶಿಮುರಾ ಮೇಡಂ ಫೋನ್. ಹಯಾಶಿ ಅಂತ ಒಬ್ಬ ಅಜ್ಜಿ. ಕೆಳಗೆ ಅವರು, ಮೇಲಿನ ಭಾಗ ಖಾಲಿ. ಸ್ಕೂಲಿಗೆ ಹತ್ತಿರ. ಪರದೇಶದವರು ಆಗಬಹುದು. ಆದರೆ ಮೊದಲು ನನ್ನ "ಉಚಿ ನೊ ಹಿತೊ" ಹತ್ತಿರ ಮಾತಾಡಬೇಕಂತೆ.

"ಯಾರದು?"

"ಉಚಿ ಅಂದ್ರೆ ಮನೆ. ಹಿತೊ ಅಂದ್ರೆ ಮನುಷ್ಯ. ಮನೆಯ ಮನುಷ್ಯ. ಹಸ್ಬೆಂಡ್."

ಕೂಗಿಯೇಬಿಟ್ಟೆ. ನಮ್ಮ ಮನೆಯವರು! ಅದೇ ಮಾತು! ಗಂಡನ ಹೆಸರು ಹೇಳದೆ, 'ನಮ್ಮ ಮನೆಯವರು' ಅಂತ ಅಮ್ಮ, ಅಜ್ಜಿ, ನಾನು ಎಲ್ಲರೂ ಹೇಳಿಕೊಂಡು ಬಂದದ್ದನ್ನು ಸಮುದ್ರದ ಆಚೆ ಯಾವುದೋ ಅಜ್ಜಿಯೂ ಹೇಳುತ್ತಾರೆ. ನಿಶಿಮುರಾ ಮೇಡಂಗೂ ಖುಷಿಯಾಯಿತು. "ಎಂಥವರಿಗೆ ಮನೆ ಕೊಡ್ತೀನಿ ಅಂತ ಅವರ ಮನೆಯವರ ಬಾಯಲ್ಲೇ ಕೇಳ್ಬೇಕು ಅಂತಾರೆ ಆ ಅಜ್ಜಿ" ಅಂದರು. ಹಳೇ ಕಾಲದವರು.

ಫೋನ್ ಇಟ್ಟ ಮೇಲೆ ಖುಷಿ ಇಳಿಯಿತು. ನಮ್ಮ ಮನೆಯವರು ಮಾತಾಡಬೇಕು. ಈ ಎರಡು ತಿಂಗಳಲ್ಲಿ ಜಪಾನ್ ಅನ್ನುವ ಪದವನ್ನೇ ಎತ್ತದವರು. ಫೋನಿನಲ್ಲಿ ಒಂದು "ಹೂಂ" ಅಂದರೂ ಮುಗಿಯಿತು.

ಮಾರ್ಚ್ 7. ಮಂಗಳವಾರ

ಕೇಳಿದೆ.

"ರೀ, ಗುರುವಾರ ಬೆಳಿಗ್ಗೆ ಒಂದು ಫೋನ್ ಬರುತ್ತೆ. ನೀವು ಮಾತಾಡ್ಬೇಕು. ಮನೆ ಓನರ್ ಕೇಳ್ತಿದ್ದಾರೆ."

ಶೂ ಲೇಸ್ ಕಟ್ಟುತ್ತಾ ಇದ್ದರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು.

"ಗುರುವಾರ ಕ್ಲಿನಿಕ್ ಇದೆ."

"ಗೊತ್ತು."

ಹೊರಟುಹೋದರು. ಮಾತಾಡುತ್ತಾರೋ ಇಲ್ಲವೋ? ಮಾತಾಡಿದರೆ ಏನನ್ನುತ್ತಾರೆ? "ಶಿ ಈಸ್ ನೀಡೆಡ್ ಹಿಯರ್" ಅಂದರೆ? ಹೆದರಿಕೆಯಾಗುತ್ತಿದೆ. ಇನ್ನೊಂದು, ಇಲ್ಲಿ ಮಾತ್ರ ಬರೆಯಬಹುದಾದದ್ದು — ಹಾಗಂದರೆ ನನಗೆ ಒಳಗೊಳಗೇ ಸಂತೋಷವೂ ಆದೀತು. ಅದಕ್ಕೇ ಹೆಚ್ಚು ಹೆದರಿಕೆ.

ಮಾರ್ಚ್ 9. ಗುರುವಾರ

ಕ್ಲಿನಿಕ್‌ಗೆ ತಡವಾಗಿ ಬರುತ್ತೇನೆ ಅಂತ ಹೇಳಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಟೈ ಕಟ್ಟಿಕೊಂಡು ಅಡುಗೆಮನೆ ಟೇಬಲ್ಲಿಗೆ ಕೂತರು, ಪೇಷಂಟ್ ಒಳಗೆ ಬರುವುದಕ್ಕೆ ಕಾಯುವವರ ಹಾಗೆ. ಸ್ಪೀಕರ್ ಒತ್ತಿದೆ. ಅಜ್ಜಿ ಜಪಾನಿಯಲ್ಲಿ, ನಿಶಿಮುರಾ ಮೇಡಂ ಇಂಗ್ಲಿಷಿನಲ್ಲಿ, ಇವರು ಬಿಡಿಸಿ ಬಿಡಿಸಿ.

ಕಾಯಿಲೆ ಏನಾದರೂ? "ಥೈರಾಯ್ಡ್ ಮಾತ್ರೆ ತಗೋತಾಳೆ. ಬೇರೇನಿಲ್ಲ."

ಅಡುಗೆ ವಾಸನೆ ಬರುತ್ತದಾ? "ಬರುತ್ತೆ. ಇಂಗು ಹಾಕ್ತಾಳೆ." ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ಕನ್ನಡದಲ್ಲಿ ಪಿಸುಗುಟ್ಟಿದರು — "ಸುಳ್ಳು ಹೇಳ್ಲಾ?"

ಹೆಂಡತಿಯನ್ನು ಒಬ್ಬಳನ್ನೇ ಯಾಕೆ ಕಳಿಸುತ್ತಿದ್ದೀರಿ? "ನಾನು ಕಳಿಸ್ತಿಲ್ಲ. ಅವಳು ಹೊರಟಿದ್ದಾಳೆ."

ಆಮೇಲೆ ಅಜ್ಜಿ ಏನೋ ಉದ್ದಕ್ಕೆ ಕೇಳಿದರು. ನಿಶಿಮುರಾ ಮೇಡಂ ಅಳುಕುತ್ತಾ — "ನಿಮ್ಮ ಹೆಂಡತಿಗೆ ಕೆಟ್ಟ ಅಭ್ಯಾಸ ಏನಾದ್ರೂ ಇದ್ರೆ ಈಗಲೇ ಹೇಳ್ಬೇಕಂತೆ."

ಇವರು ಟೈ ಸಡಿಲ ಮಾಡಿಕೊಂಡರು. ನಾನು ಇವರ ಮುಖ ನೋಡಲಿಲ್ಲ.

"ತುಂಬಾ ಪ್ರಶ್ನೆ ಕೇಳ್ತಾಳೆ" ಅಂದರು. "ಎಲ್ಲದಕ್ಕೂ. ಅದೇನು, ಇದ್ಯಾಕೆ, ಅವರು ಯಾರು. ನೀವು ಸುಸ್ತಾಗಿರ್ತೀರ, ಆದ್ರೂ ಕೇಳ್ತಾಳೆ. ದಯವಿಟ್ಟು ಉತ್ತರ ಕೊಡಿ. ಕೊಡದೇ ಇದ್ರೆ ಕೇಳೋದು ನಿಲ್ಲಿಸಿಬಿಡ್ತಾಳೆ. ಆಮೇಲೆ ಮನೆ ತುಂಬಾ ಸೈಲೆಂಟ್ ಆಗುತ್ತೆ. ನಮ್ಮನೇಲಿ ಹಾಗಾಗಿದೆ."

ನಿಶಿಮುರಾ ಮೇಡಂ ಜಪಾನಿಯಲ್ಲಿ ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಅಜ್ಜಿ "ಹಾ..." ಅಂದದ್ದು ಮಾತ್ರ ಕೇಳಿಸಿತು. ನಾಳೆ ತಿಳಿಸುತ್ತಾರಂತೆ.

ಇವರು ಬ್ಯಾಗ್ ಎತ್ತಿಕೊಂಡು ಹೊರಟರು. ನಾನು ಅಲ್ಲೇ ಕೂತು ಅತ್ತೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಗೊತ್ತಿತ್ತು ಇವರಿಗೆ. ಅಷ್ಟೂ ಗೊತ್ತಿತ್ತು.

ಮಾರ್ಚ್ 10. ಶುಕ್ರವಾರ

ಬೆಳಿಗ್ಗೆ — ಮನೆ ಆಯಿತು! ಹಯಾಶಿ ಅಜ್ಜಿ ಒಪ್ಪಿದರು. ಇಂಗು ಅಂದರೆ ಏನು, ಮರದಲ್ಲಿ ಬಿಡುತ್ತದಾ, ನೆಲದಲ್ಲಿ ಬೆಳೆಯುತ್ತದಾ ಅಂತ ಕೇಳಿ ಕಳಿಸಿದ್ದಾರೆ. ನನಗೆ ಸರಿಯಾದವರೇ ಸಿಕ್ಕಿದರು. ಕೆನಡಾದವನಿಗೆ ಬೇರೆ ಕೆಲಸ ಸಿಗಲಿ, ಪಾಪ. ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆ. "ಗ್ರ್ಯಾಂಡ್" ಅಂದರು ಇವರು. ಇಟ್ಟರು.

ಸಂಜೆ ಆರು ಗಂಟೆ

ಬೇಗ ಬಂದಿದ್ದಾರೆ. ನಾನು ಬರೆಯುತ್ತಿದ್ದೆ, ಎದುರಿನ ಕುರ್ಚಿ ಎಳೆದು ಕೂತರು. ಟೀವಿ ಹಾಕಲಿಲ್ಲ.

"ಅಲ್ಲಿ ಚಳಿ ಎಷ್ಟಂತೆ?"

"ಹಿಮ ಬೀಳುತ್ತಂತೆ. ಸೊಂಟದವರೆಗೂ."

"ಕಿಟಕಿ ಯಾವ ಕಡೆಗೆ?"

"ಬೆಟ್ಟದ ಕಡೆಗೆ."

"ಸ್ಕೂಲಿಗೆ ನಡ್ಕೊಂಡು ಹೋಗೋದಾ?"

ಎಲ್ಲಕ್ಕೂ ಹೇಳಿದೆ. ಸ್ವಲ್ಪ ಹೊತ್ತು ಟೇಬಲ್ ಬಟ್ಟೆಯ ಅಂಚು ನೀವಿದರು.

"ಕಾತ್ಯಾ, ನೀನೂ ಏನಾದ್ರೂ ಕೇಳು."

"ಏನು ಕೇಳ್ಲಿ?"

"ಏನಾದ್ರೂ. ನನ್ನನ್ನ."

ಕಾಯುತ್ತಾ ಕೂತಿದ್ದಾರೆ. ನಾನು ತಲೆ ತಗ್ಗಿಸಿ ಬರೆಯುತ್ತಾ ಇದ್ದೇನೆ, ಏನೋ ಕೆಲಸ ಇರುವವಳ ಹಾಗೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಏನು ಬೇಕಾದರೂ ಕೇಳಬಲ್ಲೆ, ಇವರ ಮುಂದೆ ಪೆನ್ನು ಬಿಡಲಾಗುತ್ತಿಲ್ಲ. ಇಷ್ಟು ವರ್ಷದ್ದು ಗುಡ್ಡೆ ಬಿದ್ದಿದೆ. ಯಾವುದನ್ನು ಮೊದಲು? ಇರಲಿ, ಪೆನ್ನು ಕೆಳಗಿಟ್ಟು ಕೇಳುತ್ತೇನೆ. ರೀ, ನಾನು ಹೋಗೋದು ನಿಮಗೆ ಬೇಜಾರಾ?